ಸಿಲ್ವರ್ ಮರದ ಲೆಕ್ಕ

ಮಳೆಗಾಲ ಮುಗಿಯಿತು ಅಂದರೆ ಮೂಡಿಗೆರೆ ಕಡೆಯ ನಮ್ಮ ಕಾಫಿ ತೋಟಕ್ಕೆ, ನೆರಳಿಗೆ ಬೆಳೆಸಿದ ಸಿಲ್ವರ್ (ಸಿಲ್ವರ್ ಓಕ್) ಮರ ಕೊಳ್ಳಲು ವ್ಯಾಪಾರಿಗಳು ಬರೋಕೆ ಶುರು ಮಾಡುತ್ತಾರೆ. ಬೈಕಿನಿಂದ ಇಳಿಯೋದೇ ತಡ, ತಲೆ ಎತ್ತಿ ನೋಡಿ, "ಅಣ್ಣಾ, ಈ ಸಾಲು ಒಟ್ಟಿಗೆ ಎಷ್ಟಕ್ಕೆ ಕೊಡ್ತೀರಿ?" ಅಂತಾರೆ. ನಾನು ಒಟ್ಟಿಗೆ ಕೊಡುವವನಲ್ಲ. ಟೇಪು ಹಿಡಿದೇ ಮಾತು.

"ಟೇಪು ಹಿಡಿದರೂ ಅವರಿಗೇ ಲಾಭ ಕಣೋ" ಅಂತಾರೆ ನಮ್ಮ ಚಿಕ್ಕಪ್ಪ. ಸುಳ್ಳಲ್ಲ. ದಿಮ್ಮಿಯ ನಡುವಿನ ಸುತ್ತಳತೆಯನ್ನು ನಾಲ್ಕರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸೋದು ಹಳೇ ಪದ್ಧತಿ. ಸುತ್ತಳತೆ 48 ಇಂಚು, ಉದ್ದ 20 ಅಡಿ ಅಂದುಕೊಳ್ಳಿ. ಕಾಲು ಭಾಗ 12 ಇಂಚು, ಅಂದರೆ 1 ಅಡಿ. ಲೆಕ್ಕ 20 ಘನ ಅಡಿ. ಆದರೆ ದುಂಡಗಿನ ದಿಮ್ಮಿಯಲ್ಲಿ ನಿಜಕ್ಕೂ ಇರೋದು ಸುಮಾರು 25.5 ಘನ ಅಡಿ! ಕೊಯ್ಯುವಾಗ ಅಂಚು, ಹೊಟ್ಟು ಅಂತ ಹೋಗುತ್ತದಲ್ಲ, ಅದಕ್ಕೆ ಈ ಕಡಿತ ಅನ್ನುತ್ತಾರೆ. ಇರಲಿ. ಹಾಗಿದ್ದ ಮೇಲೆ ದರ ಹೇಳುವಾಗ "ವೇಸ್ಟ್ ಜಾಸ್ತಿ" ಅಂತ ಇನ್ನೊಂದು ಸಲ ಕಡಿಮೆ ಮಾಡೋದು ಯಾವ ನ್ಯಾಯ?

ಅದೇ ಉದ್ದದ 36 ಇಂಚಿನ ಮರಕ್ಕೆ ಇದೇ ಲೆಕ್ಕ ಹಾಕಿದರೆ ಬರೀ 11.25 ಘನ ಅಡಿ. ಸಣಕಲು ಮರ ಮಾರಬೇಡಿ ಅನ್ನೋದು ಅದಕ್ಕೇ.

ಇನ್ನು ದರ ನಿಲ್ಲೋದು ಗಂಟಿನ ಮೇಲೆ, ಅಂದರೆ ಮರದೊಳಗೆ ಉಳಿದ ಕೊಂಬೆಯ ಬುಡದ ಮೇಲೆ. ಪ್ಲೈವುಡ್ ಫ್ಯಾಕ್ಟರಿಯಲ್ಲಿ ದಿಮ್ಮಿಯನ್ನು ತಿರುಗಿಸುತ್ತಾ ಹಾಳೆಯಾಗಿ ಸುಲಿಯುತ್ತಾರೆ. ಒಂದೇ ಗಂಟು ಸುತ್ತು ಸುತ್ತಿಗೂ ಎದುರಾಗುತ್ತದೆ. ಹಾಗಾಗಿ ಮರಗಸಿ, ಅಂದರೆ ಮರದ ಕೊಂಬೆ ಸವರುವ ಕೆಲಸ, ಮಾಡುವಾಗ ನಾನು ಕೆಳಗೇ ನಿಂತಿರುತ್ತೇನೆ. ಕೊಂಬೆ ಕಾಂಡಕ್ಕೆ ಸೇರುವ ಕಡೆ ಅಂಗಿಯ ಕಾಲರಿನ ಹಾಗೆ ಸ್ವಲ್ಪ ಉಬ್ಬಿರುತ್ತದೆ. ಅದನ್ನು ಗಾಯ ಮಾಡದೆ, ಅದಕ್ಕೆ ಒತ್ತಿಕೊಂಡಂತೆ ಕತ್ತರಿಸಬೇಕು. ದಪ್ಪ ಕೊಂಬೆಯಾದರೆ ಮೊದಲು ಅಡಿಯಿಂದ ಒಂದು ಕಚ್ಚು, ಆಮೇಲೆ ಮೇಲಿಂದ. ಇಲ್ಲದಿದ್ದರೆ ಕೊಂಬೆ ಬೀಳುವಾಗ ತೊಗಟೆಯನ್ನೂ ಸೀಳಿಕೊಂಡು ಹೋಗುತ್ತದೆ. ಅವಸರಕ್ಕೆ ಗೇಣುದ್ದ ಮೋಟು ಬಿಟ್ಟರೋ, ಅದು ಅಲ್ಲೇ ಒಣಗುತ್ತದೆ, ಮರ ದಪ್ಪವಾಗುತ್ತಾ ಅದನ್ನು ನುಂಗುತ್ತದೆ. ಹೊರಗಿಂದ ಏನೂ ಕಾಣದು. ಹಲಗೆ ಕೊಯ್ದು ಒಣಗಿಸಿದಾಗ ಗಂಟು ಕಳಚಿ ತೂತು ಬೀಳುತ್ತದೆ.

ಇದೆಲ್ಲ ಮರ ಎಳೆಯದಾಗಿದ್ದಾಗಲೇ ಆಗಬೇಕು. ಕಾಂಡ ಐದಾರು ಇಂಚು ದಪ್ಪವಿದ್ದಾಗ ಕೊಂಬೆ ತೆಗೆದರೆ ಗಂಟೆಲ್ಲ ನಡುವಿನ ಅಷ್ಟು ಭಾಗದಲ್ಲೇ ಉಳಿಯುತ್ತದೆ. ಆಮೇಲೆ ಅದರ ಸುತ್ತ ಬೆಳೆಯೋದು ನಯವಾದ ಮರ. ನೆರಳು ಸಾಕಾಗಿದೆ ಅಂತ ಮರಗಸಿ ಮುಂದೂಡಿದರೆ ಗಂಟಿರುವ ಆ ಭಾಗ ದಪ್ಪವಾಗುತ್ತಲೇ ಹೋಗುತ್ತದೆ. ಅಂದಹಾಗೆ, ಕರೆಂಟ್ ಲೈನ್ ಹತ್ತಿರ ಅಲ್ಯೂಮಿನಿಯಂ ಏಣಿ ಖಂಡಿತ ಬೇಡ. ಬಿದಿರಿನದೇ ಇರಲಿ, ಅದೂ ಲೈನಿನಿಂದ ದೂರ.

ಈ ಸಲ ಮೇಲಿನ ಸಾಲನ್ನು ಮಾರುತ್ತಿಲ್ಲ. ಅದರ ತುಂಬ ಮೆಣಸಿನ ಬಳ್ಳಿ ಹಬ್ಬಿದೆ, ಟೇಪನ್ನೂ ಬಳ್ಳಿಯ ಅಡಿಯಿಂದ ತೂರಿಸಬೇಕು. ಕೆಳಗಿನ ಸಾಲಿಗೆ ಒಬ್ಬರು ಒಪ್ಪಿದ್ದಾರೆ. ಮರ ಬಿದ್ದು, ಎಳೆದು ಮುರಿಯುವ ಕಾಫಿ ಗಿಡಕ್ಕೆ ಗಿಡಕ್ಕಿಷ್ಟು ಪರಿಹಾರ ಅಂತ ಕಾಗದದಲ್ಲಿ ಬರೆಸಿಕೊಂಡ ಮೇಲೇ ಗರಗಸ ಒಳಗೆ ಅಂದಿದ್ದೇನೆ. ಭಾನುವಾರ ಬರುತ್ತೇನೆ ಅಂದಿದ್ದಾರೆ, ನೋಡೋಣ.