ಕೇಬಲ್ ಹೋದರೆ ತಂಡಗಳಿಗೇನು ನಷ್ಟ?

"ಈಗ ಎಲ್ಲರೂ ಫೋನಲ್ಲೇ ಆಟ ನೋಡ್ತಾರೆ. ಕೇಬಲ್ ಮುಳುಗಿದರೆ ತಂಡಗಳು ಯಾಕೆ ಅಳಬೇಕು?" ಅಮೆರಿಕದ ಬೇಸ್‌ಬಾಲ್ ಮಾತು ಬಂದಾಗಲೆಲ್ಲ ಯಾರಾದರೂ ಇದನ್ನು ಕೇಳುತ್ತಾರೆ.

ತಂಡಗಳ ಟಿವಿ ದುಡ್ಡಿನಲ್ಲಿ ದೊಡ್ಡ ಪಾಲು ಬರುತ್ತಿದ್ದದ್ದು ಆಟವನ್ನೇ ನೋಡದವರಿಂದ! ಅಲ್ಲಿ ಬಹುತೇಕ ತಂಡಗಳ ಪಂದ್ಯ ಬರುತ್ತಿದ್ದದ್ದು ಸ್ಥಳೀಯ ಕ್ರೀಡಾ ಚಾನೆಲ್‌ನಲ್ಲಿ. ಆ ಚಾನೆಲ್ ಕೇಬಲ್ ಪ್ಯಾಕೇಜಿನೊಳಗೇ ಇರುತ್ತಿತ್ತು. ಫುಲ್ ಮೀಲ್ಸ್ ತಗೊಂಡವರು ಪಾಯಸ ಮುಟ್ಟದಿದ್ದರೂ ದುಡ್ಡು ಕೊಡ್ತಾರಲ್ವಾ, ಹಾಗೆ. ಧಾರಾವಾಹಿಗೆಂದೇ ಕೇಬಲ್ ಹಾಕಿಸಿಕೊಂಡ ಅಜ್ಜಿಯ ಬಿಲ್ಲಿನಿಂದಲೂ ತಿಂಗಳಿಗೆ ಕೆಲವು ಡಾಲರ್ ಆ ಚಾನೆಲ್‌ಗೆ ಹೋಗುತ್ತಿತ್ತು. ಅದನ್ನೇ ನಂಬಿ ಚಾನೆಲ್‌ಗಳು ತಂಡಗಳ ಜೊತೆ ದೊಡ್ಡ ದೊಡ್ಡ ಕರಾರು ಮಾಡಿಕೊಂಡವು. ಡಾಡ್ಜರ್ಸ್ ತಂಡದ 2013ರ ಕರಾರು 25 ವರ್ಷಕ್ಕೆ 835 ಕೋಟಿ ಡಾಲರ್!

ಆಮೇಲೆ ಅಜ್ಜಿಯೂ ನೆಟ್‌ಫ್ಲಿಕ್ಸ್ ಹಿಡಿದರು. ಸ್ಥಳೀಯ ಚಾನೆಲ್‌ಗಳ ದೊಡ್ಡ ಗುಂಪನ್ನು ನಡೆಸುತ್ತಿದ್ದ ಡೈಮಂಡ್ ಸ್ಪೋರ್ಟ್ಸ್ ಮೈತುಂಬಾ ಸಾಲ ಹೊತ್ತುಕೊಂಡು 2023ರ ಮಾರ್ಚ್‌ನಲ್ಲಿ ದಿವಾಳಿ ಅರ್ಜಿ ಹಾಕಿತು. ಮೇ ಕೊನೆಗೆ ಸ್ಯಾನ್ ಡಿಯಾಗೋ ಊರಿನ ಪಾಡ್ರೇಸ್ ತಂಡವನ್ನ ಕೈಬಿಟ್ಟಿತು. ವರ್ಷಕ್ಕೆ ಸುಮಾರು 6 ಕೋಟಿ ಡಾಲರಿನ ಕರಾರು ಅದು ಅಂತ ವರದಿಯಾಗಿತ್ತು. ತಮಾಷೆ ನೋಡಿ, ಅದೇ ವರ್ಷ ಪಾಡ್ರೇಸ್ ಮೈದಾನಕ್ಕೆ 32 ಲಕ್ಷಕ್ಕೂ ಜಾಸ್ತಿ ಜನ ಬಂದರು, ಆಗ ಅದು ತಂಡದ ದಾಖಲೆ. ಆದರೂ ಮುಂದಿನ ವರ್ಷಕ್ಕೆ ಆಟಗಾರರ ಸಂಬಳದ ಖರ್ಚು ಇಳಿಸಬೇಕಾಯಿತು. ತಂಡದ ಸ್ಟಾರ್ ಬ್ಯಾಟರ್ ಹುವಾನ್ ಸೋಟೋ ನ್ಯೂಯಾರ್ಕಿನ ಯಾಂಕೀಸ್ ಪಾಲಾದ. ಕೇಬಲ್ ಒಂದೇ ಕಾರಣ ಅಲ್ಲ ಬಿಡಿ, ಅವರು ಮೊದಲೇ ಕೈಬಿಚ್ಚಿ ಖರ್ಚು ಮಾಡಿದ್ದರು.

ಆ್ಯಪ್‌ನಲ್ಲಿ ಮಾರಬಹುದಲ್ಲ? ಸುಮ್ನೆ ಲೆಕ್ಕ ಹಾಕಿ. ತಿಂಗಳಿಗೆ 20 ಡಾಲರ್, ಆರು ತಿಂಗಳ ಸೀಸನ್. 6 ಕೋಟಿ ಆಗಬೇಕಾದರೆ 5 ಲಕ್ಷ ಚಂದಾದಾರರು ಬೇಕು. ಸ್ಯಾನ್ ಡಿಯಾಗೋ ಸುತ್ತ ಟಿವಿ ಇರುವ ಮನೆಗಳೇ ಸುಮಾರು 11 ಲಕ್ಷ.

ಅಮೆರಿಕನ್ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್‌ಗೆ ಈ ಪೆಟ್ಟು ಬಿದ್ದಿಲ್ಲ. ಅಲ್ಲಿ ಲೀಗ್ ಒಟ್ಟಿಗೆ ಹಕ್ಕು ಮಾರಿ 32 ತಂಡಗಳಿಗೂ ಸಮವಾಗಿ ಹಂಚುತ್ತದೆ.

ಆರ್‌ಸಿಬಿಗೆ? ಅದಕ್ಕೂ ಸ್ವಂತ ಟಿವಿ ಕರಾರಿಲ್ಲ, ಐಪಿಎಲ್ ಹಕ್ಕನ್ನು ಬಿಸಿಸಿಐ ಮಾರುತ್ತದೆ. 2023–27ರ ಹರಾಜಿನಲ್ಲಿ ಭಾರತದ ಡಿಜಿಟಲ್ ಹಕ್ಕಿಗೆ ಟಿವಿಗಿಂತ ತುಸು ಜಾಸ್ತಿಯೇ ಬಂತು. ಆದರೆ ಆಗ ಟಿವಿ ಹಕ್ಕು ಕೊಂಡ ಸ್ಟಾರ್, ಡಿಜಿಟಲ್ ಕೊಂಡ ವಯಾಕಾಮ್18 ಎರಡೂ 2024ರಲ್ಲಿ ಒಂದಾದವು. ಮುಂದಿನ ಹರಾಜಿನಲ್ಲಿ ಬೆಲೆ ಏರಿಸುವವರು ಯಾರು ಅನ್ನೋದು ನಮ್ಮ ಕಡೆಯ ತಲೆನೋವು.