ಒಬ್ಬನೇ ಎಣಿಸಿದರೆ ಸಿಕ್ಕಿಬೀಳ್ತೀರಿ

ಕ್ಯಾಸಿನೊಗಳ ಇಸ್ಪೀಟು ಜೂಜಾದ ಬ್ಲ್ಯಾಕ್‌ಜಾಕ್‌ನಲ್ಲಿ ಕಾರ್ಡ್ ಎಣಿಸುವುದು ಅಂಥ ದೊಡ್ಡ ಲೆಕ್ಕವೇನಲ್ಲ. 2ರಿಂದ 6ರವರೆಗಿನ ಎಲೆ ಬಂದರೆ ಒಂದು ಕೂಡಿಸಿ, 10, ಗುಲಾಮ, ರಾಣಿ, ರಾಜ, ಎಕ್ಕ ಬಂದರೆ ಒಂದು ಕಳೆಯಿರಿ. ಉಳಿದದ್ದು ಬಿಡಿ. ಮೊತ್ತವನ್ನು ಇನ್ನೂ ಉಳಿದಿರುವ ಡೆಕ್‌ಗಳ (ಇಸ್ಪೀಟು ಕಟ್ಟುಗಳ) ಸಂಖ್ಯೆಯಿಂದ ಭಾಗಿಸಿದರೆ ಆಯ್ತು. ಲೆಕ್ಕ ಏರಿದರೆ ದೊಡ್ಡ ಎಲೆಗಳು ಹೆಚ್ಚು ಉಳಿದಿವೆ, ಆಟಗಾರನಿಗೆ ಅನುಕೂಲ, ಆಗಲೇ ದೊಡ್ಡ ಬಾಜಿ ಕಟ್ಟಬೇಕು.

ತೊಂದರೆ ಇರುವುದು ಬಾಜಿಯಲ್ಲಿ. ಇಷ್ಟೊತ್ತು ಚಿಲ್ಲರೆ ಕಟ್ಟುತ್ತಿದ್ದವನು ದಿಢೀರನೆ ಹತ್ತು ಪಟ್ಟು ಕಟ್ಟಿದರೆ ಕ್ಯಾಸಿನೊದವರಿಗೆ ಗೊತ್ತಾಗಲ್ವಾ?

ಅದಕ್ಕೇ 1970ರ ದಶಕದಲ್ಲಿ ಅಲ್ ಫ್ರಾನ್ಸೆಸ್ಕೊ ಎಂಬ ಅಮೆರಿಕದ ಜೂಜುಗಾರ ತಂಡ ಕಟ್ಟಿದ. ಕೆಲವರು ಬೇರೆ ಬೇರೆ ಟೇಬಲ್‌ಗಳಲ್ಲಿ ಸಣ್ಣ ಬಾಜಿ ಕಟ್ಟುತ್ತಾ ಎಣಿಸುತ್ತಾರೆ, ಲೆಕ್ಕ ಏರಿದಾಗ ಸನ್ನೆ ಮಾಡುತ್ತಾರೆ, ಆಗ ದುಡ್ಡಿನ ಕುಳದ ಥರ ಸುಮ್ನೆ ಅಡ್ಡಾಡುತ್ತಿದ್ದವನು ಬಂದು ಮೊದಲ ಆಟದಿಂದಲೇ ದೊಡ್ಡ ಮೊತ್ತ ಇಡುತ್ತಾನೆ. ಅವನ ಬಾಜಿ ಏರಿದ್ದೇ ಕಾಣಲ್ಲ. ಸಖತ್ ಐಡಿಯಾ!

ಆ ತಂಡದಲ್ಲಿದ್ದ ಕೆನ್ ಅಸ್ಟನ್‌ನನ್ನು ಅಮೆರಿಕದ ಅಟ್ಲಾಂಟಿಕ್ ಸಿಟಿಯ ಕ್ಯಾಸಿನೊ ಎಣಿಸುತ್ತಾನೆಂದು ಹೊರಗಟ್ಟಿದಾಗ ಅವನು ಕೋರ್ಟಿಗೆ ಹೋಗಿ 1982ರಲ್ಲಿ ಗೆದ್ದ. ಹೀಗೆ ಎಣಿಸುವವರನ್ನು ಹೊರಗಟ್ಟಲಾಗದೆ ಅಲ್ಲಿನ ಕ್ಯಾಸಿನೊಗಳು ಎಣಿಕೆ ಕಷ್ಟವಾಗಲೆಂದು ಡೆಕ್ ಜಾಸ್ತಿ ಮಾಡಿ, ಎಲೆಗಳನ್ನು ಬೇಗ ಬೇಗ ಕಲಸತೊಡಗಿದವು.