ಹಂಡೆಯ ತಳದ ಸುಣ್ಣ

ಕಾಲೇಜಿನ ರಸಾಯನಶಾಸ್ತ್ರ ಲ್ಯಾಬ್ ಎಂದರೆ ಮೊದಲು ನೆನಪಾಗುವುದು ಅಮೋನಿಯದ ಘಾಟು. ಪ್ರಾಜೆಕ್ಟ್ ಹಿಡಿದು ಹೋದವರಿಗೆ ಅಲ್ಲಿ ಎದುರಾಗುತ್ತಿದ್ದುದು ಒಂದೇ ಪ್ರಶ್ನೆ: ‘ಏನನ್ನು ಅಳೀತೀರಿ?’ ‘ಜಲಮಾಲಿನ್ಯ’ ಎಂದವರು ವಾಪಸ್. ‘ಬೋರ್‌ವೆಲ್ ನೀರು ಹತ್ತು ನಿಮಿಷ ಕುದಿಸಿದರೆ ಗಡಸುತನ ಎಷ್ಟು ಇಳಿಯುತ್ತೆ?’ ಎಂದವರಿಗೆ ಬ್ಯೂರೆಟ್, ಅಂದರೆ ದ್ರಾವಣವನ್ನು ಅಳೆದು ಹನಿಹನಿಯಾಗಿ ಬಿಡುವ ಗಾಜಿನ ಕೊಳವೆ. ಗಡಸುತನವೆಂದರೆ ನೀರಿನಲ್ಲಿ ಕರಗಿದ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳ ಪ್ರಮಾಣ. ಸ್ನಾನದ ಹಂಡೆಗೆ ಸುಣ್ಣ ಕಟ್ಟುವ ಮನೆಯವರಿಗೆ ಈ ಪ್ರಶ್ನೆ ಹುಡುಕಬೇಕಾಗಿಯೂ ಇಲ್ಲ.

ಈಗ ಶುರುಮಾಡುವವರಿಗೆ ಅದೇ ಪ್ರಯೋಗ ಹೇಳುತ್ತೇನೆ. ಮೋಟರ್ ಐದು ನಿಮಿಷ ಓಡಿದ ಮೇಲೆ ನೀರು ಹಿಡಿಯಿರಿ. ಪೈಪಿನಲ್ಲಿ ನಿಂತ ನೀರು ಬೇಡ. ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ತೊಳೆದು, ಸ್ಥಳ, ದಿನಾಂಕ, ಹೊತ್ತು ಬರೆದು ಅಂಟಿಸಿ. ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಹಿಡಿದುಕೊಳ್ಳುವ ರಾಸಾಯನಿಕ ಇಡಿಟಿಎ. ಅದರ ಡೈಸೋಡಿಯಂ ಲವಣ 3.72 ಗ್ರಾಂ ತೂಗಿ ಬಟ್ಟಿ ಇಳಿಸಿದ ನೀರಿನಲ್ಲಿ ಕರಗಿಸಿ ಒಂದು ಲೀಟರ್ ಮಾಡಿದರೆ 0.01 ಮೋಲಾರ್ ದ್ರಾವಣ. ಹಿಡಿದ ನೀರು 50 ಮಿ.ಲೀ.ಗೆ ಅಮೋನಿಯ ಬಫರ್ (ಪಿಎಚ್ ಬದಲಾಗದಂತೆ ಹಿಡಿದಿಡುವ ದ್ರಾವಣ) 1 ಮಿ.ಲೀ., ಬಣ್ಣ ಬದಲಿಸಿ ತೋರಿಸುವ ಸೂಚಕ ಎರಿಯೋಕ್ರೋಮ್ ಬ್ಲ್ಯಾಕ್ ಟಿ ಚಿಟಿಕೆ. ಪುನರ್ಪುಳಿ ಶರಬತ್ತಿನ ಬಣ್ಣ ಬರುತ್ತದೆ. ಇಡಿಟಿಎ ಹನಿಹನಿಯಾಗಿ ಬಿಡಿ. ನೇರಳೆಗೆ ತಿರುಗಿದಾಗ ಕೈ ನಿಧಾನ. ಕೆಂಪಿನ ಛಾಯೆ ಪೂರಾ ಹೋಗಿ ಅಚ್ಚ ನೀಲಿಯಾದಾಗ ನಿಲ್ಲಿಸಿ. ಖರ್ಚಾದ ಮಿ.ಲೀ.ಯನ್ನು 20ರಿಂದ ಗುಣಿಸಿದರೆ ಗಡಸುತನ ಲೀಟರಿಗೆ ಎಷ್ಟು ಮಿ.ಗ್ರಾಂ ಎಂದು ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ ಸಿಗುತ್ತದೆ. 21.4 ಬಂದರೆ 428. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿಗೆ 200 ಸರಿ, ಬೇರೆ ನೀರಿಲ್ಲದಿದ್ದರೆ 600ರವರೆಗೆ.

ಬಣ್ಣ ಸರಿಯಾಗಿ ತಿರುಗದಿದ್ದರೆ ಮೊದಲ ಅನುಮಾನ ಬಫರಿನ ಮೇಲೆ. ಮುಚ್ಚಳ ಸಡಿಲವಿದ್ದ ಬಾಟಲಿಯಿಂದ ಅಮೋನಿಯ ಹಾರಿ ಪಿಎಚ್ 10ಕ್ಕಿಂತ ಕೆಳಗಿಳಿದಿರುತ್ತದೆ. ಸಾಧಾರಣವಾಗಿ ಎಲ್ಲರೂ ಬಿಟ್ಟುಬಿಡುವುದು ಬ್ಲ್ಯಾಂಕ್: ಬಟ್ಟಿ ನೀರಿಗೆ ಬಫರ್, ಸೂಚಕ ಹಾಕಿದ ಕೂಡಲೇ ನೀಲಿಯಾಗಬೇಕು. ಕೆಂಪಾದರೆ ಫ್ಲಾಸ್ಕನ್ನು ನಲ್ಲಿ ನೀರಲ್ಲಿ ತೊಳೆದು ಹಾಗೇ ಇಟ್ಟಿದ್ದಾರೆ ಎಂದರ್ಥ.

ಇನ್ನು ಅದೇ ನೀರಿನ ಇನ್ನೊಂದು ಪಾಲನ್ನು ಹತ್ತು ನಿಮಿಷ ಕುದಿಸಿ ಮತ್ತೆ ಅಳೆಯಬೇಕು. ಎಡವುವುದೆಲ್ಲ ಈ ಕುದಿಸುವಲ್ಲಿ. ಆವಿಯಾಗಿ ನೀರು ಕಮ್ಮಿಯಾದಷ್ಟೂ ಉಳಿದ ಲವಣ ಸಾಂದ್ರವಾಗುತ್ತದೆ, ಇಳಿದ ಗಡಸುತನ ಇಳಿದಂತೆ ಕಾಣುವುದೇ ಇಲ್ಲ. ಆರಿದ ಮೇಲೆ ಬಟ್ಟಿ ನೀರು ಸೇರಿಸಿ ಮೊದಲಿನ ಮಟ್ಟಕ್ಕೆ ತನ್ನಿ, ಆಮೇಲೆ ಸೋಸಿ. ಸೋಸದಿದ್ದರೆ ತಳದ ಸುಣ್ಣದ ಪುಡಿ ಮೆಲ್ಲಗೆ ಕರಗಿ, ನೀಲಿಯಾದ ದ್ರಾವಣ ಅರೆನಿಮಿಷದಲ್ಲಿ ಮತ್ತೆ ಕೆಂಪಾಗುತ್ತದೆ.

ಪ್ರತಿ ಮಾದರಿಗೂ 0.1 ಮಿ.ಲೀ. ಒಳಗೆ ಹೊಂದುವ ಮೂರು ಅಳತೆ ಬೇಕು. ಹೊಂದದ್ದನ್ನೂ ಪೆನ್ನಿನಲ್ಲೇ ಬರೆಯಿರಿ, ಒಂದು ಗೆರೆ ಎಳೆದು ಪಕ್ಕದಲ್ಲಿ ಕಾರಣ ಹಾಕಿ. ಬಿಡಿ ಹಾಳೆಗಳಿಗೆ ನನ್ನ ವಿರೋಧವಿದೆ, ಬೇಕಾದಾಗ ಅವು ಸಿಗುವುದಿಲ್ಲ. ಕುದಿಸಿದರೂ ಗಡಸುತನ ಇಳಿಯಲಿಲ್ಲವೇ? ಹಾಗೇ ಬರೆಯಿರಿ. ನೀರಿನಲ್ಲಿರುವುದು ಕುದಿಸಿದಾಗ ಸುಣ್ಣವಾಗಿ ತಳ ಸೇರುವ ಬೈಕಾರ್ಬೊನೇಟ್ ಅಲ್ಲ, ಸಲ್ಫೇಟು, ಕ್ಲೋರೈಡು. ಅವು ಕುದಿತಕ್ಕೆ ಜಗ್ಗುವುದಿಲ್ಲ.